ಅನೂಬಿಯಾಸ್ ನಾನಾ ಗಿಡದ ಕೊಂಬು ಕೊಳೆಯುತ್ತಿದೆ. ಜಲ್ಲಿಯಲ್ಲಿ ಹೂತದ್ದೇ ತಪ್ಪಾಯಿತೇ?

ಡೊಂಬಿವಲಿ ತುಳಸಿಕಟ್ಟೆ

ಎಲ್ಲರಿಗೂ ನಮಸ್ಕಾರ. ಮಗಳ ಆಸೆಗಾಗಿ ಆರು ತಿಂಗಳ ಹಿಂದೆ ನಮ್ಮ ಮನೆಯಲ್ಲಿ 2 ಅಡಿ ಉದ್ದದ ಮೀನಿನ ತೊಟ್ಟಿಯೊಂದನ್ನು ಇಟ್ಟೆವು. ಅದರಲ್ಲಿ ಎಂಟು ಗಪ್ಪಿಗಳೂ ಒಂದಿಷ್ಟು ಕೆಂಪು ಸಿಗಡಿಗಳೂ ಇವೆ. ಪ್ಲಾಸ್ಟಿಕ್ ಗಿಡಗಳನ್ನು ತೆಗೆದು ಜೀವವಿರುವ ಗಿಡ ಹಾಕೋಣವೆಂದು ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋದಾಗ ಅಂಗಡಿಯೊಂದರಲ್ಲಿ ಅನೂಬಿಯಾಸ್ ನಾನಾ ಎಂಬ ಪುಟ್ಟ ಗಿಡವನ್ನು ಕೊಟ್ಟು, ಇದು ಎಂಥವರ ಕೈಯಲ್ಲೂ ಸಾಯುವುದಿಲ್ಲವೆಂದು ಹೇಳಿದರು. ಅಂಗೈಯಲ್ಲಿ ಹಿಡಿಯುವಷ್ಟು ಗಿಡ. ವೀಳ್ಯದೆಲೆಯನ್ನೇ ಕಿರಿದಾಗಿಸಿ ದಪ್ಪ ಮಾಡಿದಂಥ ಕಡುಹಸಿರು ಎಲೆಗಳು. ಬುಡದಲ್ಲಿ ಅರಿಶಿನದ ಕೊಂಬಿನಂಥ ಕಾಂಡವೊಂದು ಅಡ್ಡವಾಗಿ ಮಲಗಿತ್ತು.

ನಾನು ಶಿರಸಿ ಕಡೆಯವಳು. ಹಿತ್ತಲಿನಲ್ಲಿ ಅರಿಶಿನ, ಶುಂಠಿ ನೆಟ್ಟು ಬೆಳೆದವಳಾದ್ದರಿಂದ ಕೊಂಬು ಎಂದರೆ ಮಣ್ಣಿನೊಳಗೇ ಇರಬೇಕೆಂದು ತಿಳಿದು, ಜಲ್ಲಿಯನ್ನು ಎರಡಂಗುಲ ತೋಡಿ, ಕೊಂಬು ಕಾಣದ ಹಾಗೆ ಮುಚ್ಚಿ ನೆಟ್ಟೆ. ಮೊದಲ ತಿಂಗಳು ಗಿಡ ಇದ್ದಂತೆಯೇ ಇತ್ತು. ಈಗ ಎರಡು ವಾರಗಳಿಂದ ಎಲೆಗಳು ಒಂದೊಂದಾಗಿ ಹಳದಿಯಾಗುತ್ತಿವೆ, ಮತ್ತು ನಿನ್ನೆ ಒಂದು ಎಲೆಯನ್ನು ಮುಟ್ಟಿದರೆ ತೊಟ್ಟಿನ ಸಮೇತ ಕೈಗೆ ಬಂದಿತು. ಗೊಬ್ಬರ ಸಾಲದೇ? ಬೆಳಕು ಸಾಲದೇ? ಅಥವಾ ನೆಟ್ಟ ರೀತಿಯೇ ತಪ್ಪೇ? ಮಗಳು ದಿನವೂ ಶಾಲೆಯಿಂದ ಬಂದೊಡನೆ ಅದನ್ನೇ ನೋಡುತ್ತಾಳೆ. ದಯವಿಟ್ಟು ತಿಳಿದವರು ಹೇಳಬೇಕು.

ಮುಲುಂಡ್ ಮೀನುತೊಟ್ಟಿ

ಅಕ್ಕಾ, ನೆಟ್ಟ ರೀತಿಯೇ ತಪ್ಪು. ಈ ಉತ್ತರವನ್ನು ಓದಿದ ತಕ್ಷಣ ಗಿಡವನ್ನು ಹೊರಗೆ ತೆಗೆಯಿರಿ, ನಾಳೆಗೆಂದು ಇಡಬೇಡಿ.

ಮಾಟುಂಗಾ ಮೇಷ್ಟ್ರು

ಮೇಲಿನವರು ಹೇಳಿದ್ದು ಸರಿ. ಕಾರಣವನ್ನು ನಾನು ಸ್ವಲ್ಪ ವಿವರಿಸುತ್ತೇನೆ. ಅನೂಬಿಯಾಸ್ ಎಂಬುದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಮಳೆಕಾಡುಗಳ ಗಿಡ. ತಮ್ಮಲ್ಲಿರುವ ನಾನಾ ಎಂಬ ಗಿಡ್ಡ ಬಗೆಯ ತವರು ಕ್ಯಾಮರೂನ್. ಅಲ್ಲಿ ಅದು ಹೊಳೆಯ ತಳದ ಮಣ್ಣಿನಲ್ಲಿ ಬೆಳೆಯುವುದಲ್ಲ; ಹೊಳೆಯ ಅಂಚಿನ ಬಂಡೆಗಳಿಗೆ, ಬಿದ್ದ ಮರಗಳಿಗೆ ಬೇರಿನಿಂದ ಅಂಟಿಕೊಂಡು ಬೆಳೆಯುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಮುಳುಗುತ್ತದೆ, ಇಳಿದಾಗ ಹೊರಗೆ ಕಾಣುತ್ತದೆ. ಕೊಂಬಿನ ಸುತ್ತ ಸದಾ ನೀರು ಅಥವಾ ಗಾಳಿ ಆಡುತ್ತಲೇ ಇರುವುದು ಅದಕ್ಕೆ ಅಭ್ಯಾಸ. ಜಲ್ಲಿಯಲ್ಲಿ ಹೂತಾಗ ಅಲ್ಲಿ ನೀರು ಆಡುವುದಿಲ್ಲ, ಮೀನಿನ ಹಿಕ್ಕೆಯೂ ಮಿಕ್ಕ ಆಹಾರವೂ ಸೇರಿ ಕೊಳೆಯುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ, ಕೊಂಬು ಮೆತ್ತಗಾಗುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಕೆಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಅರಿಶಿನದ ಕೊಂಬಿಗೂ ಇದಕ್ಕೂ ರೂಪದಲ್ಲಿ ಹೋಲಿಕೆಯಿದೆ. ಎರಡೂ ಕಾಂಡವೇ ಹೊರತು ಬೇರಲ್ಲ. ಆದರೆ ಅರಿಶಿನವು ಬೇಸಿಗೆಯನ್ನು ದಾಟುವುದಕ್ಕಾಗಿ ಮಣ್ಣಿನೊಳಗೆ ಆಹಾರ ಕೂಡಿಟ್ಟು ಮಲಗುವ ಗಿಡ. ಇದಕ್ಕೆ ಮಲಗುವ ಕಾಲವೇ ಇಲ್ಲ.

ಕೊತ್ರೂಡ್ ಕಟ್ಟೆ

ಮೇಷ್ಟ್ರ ಮೇಲೆ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯ ಹೇಳುತ್ತೇನೆ. ಪುಣೆಯ ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಇದೇ ಗಿಡ ಜಲ್ಲಿಯಲ್ಲಿಯೇ ಇದೆ. ಒಂದು ದಿನವೂ ಕೊಳೆತಿಲ್ಲ. ಆರು ಎಲೆಯಿದ್ದದ್ದು ಈಗ ಮೂವತ್ತು ದಾಟಿದೆ. ಹೂಳಲೇಬಾರದು ಎಂಬುದನ್ನು ಎಲ್ಲರೂ ಒಬ್ಬರಿಂದೊಬ್ಬರು ಕೇಳಿ ಹೇಳುತ್ತಾರೆಯೇ ಹೊರತು ಪರೀಕ್ಷಿಸಿ ನೋಡಿದವರು ಕಡಿಮೆ. ಅಕ್ಕನವರ ತೊಟ್ಟಿಯಲ್ಲಿ ತೊಂದರೆ ಬೇರೆ ಏನೋ ಇರಬೇಕು. ಹೊಸ ಗಿಡದ ಹಳೆಯ ಎಲೆಗಳು ಹಳದಿಯಾಗುವುದು ಸಹಜವೂ ಹೌದು. ಗಿಡ ಬೆಳೆಸುವವರು ಇವನ್ನು ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ; ಹಾಗಾದರೆ ಬೇಗ ಬೆಳೆಯುತ್ತವೆ. ನೀರಿನೊಳಗೆ ಬಂದ ಮೇಲೆ ಕೆಲವು ಹಳೆಯ ಎಲೆಗಳು ಹೋಗಿ, ನೀರಿಗೆ ಹೊಂದುವ ಎಲೆಗಳು ಬರುತ್ತವೆ.

ಮಾಟುಂಗಾ ಮೇಷ್ಟ್ರು

ತಮ್ಮ ಗಿಡದ ಬುಡದಲ್ಲಿ ಜಲ್ಲಿಯನ್ನು ಬೆರಳಿನಿಂದ ಸ್ವಲ್ಪ ಸರಿಸಿ, ಕೊಂಬು ಎಲ್ಲಿದೆಯೆಂದು ನೋಡಿ ಹೇಳುವಿರಾ?

ವಾಶಿ ನೀರುಗಿಡ

ಎಲೆ ಹಳದಿಯಾಗುವುದಕ್ಕೂ ಎಲೆ ತೊಟ್ಟಿನ ಸಮೇತ ಕಳಚಿ ಬರುವುದಕ್ಕೂ ವ್ಯತ್ಯಾಸವಿದೆ. ವಯಸ್ಸಾದ ಎಲೆ ನಿಧಾನವಾಗಿ ಹಳದಿಯಾಗುತ್ತದೆ, ಆದರೆ ತೊಟ್ಟು ಗಟ್ಟಿಯಾಗಿಯೇ ಕೊಂಬಿಗೆ ಹಿಡಿದಿರುತ್ತದೆ. ಮುಟ್ಟಿದರೆ ಕೈಗೆ ಬಂದಿತೆಂದರೆ ಕೊಂಬು ಕೊಳೆತಿದೆ ಎಂದೇ ಅರ್ಥ. ಗಿಡವನ್ನು ತೆಗೆದು ಕೊಂಬನ್ನು ಎರಡು ಬೆರಳುಗಳಿಂದ ಒತ್ತಿ ನೋಡಿ. ಹಸಿ ಶುಂಠಿಯಷ್ಟು ಗಟ್ಟಿಯಿದ್ದರೆ ಬದುಕಿದೆ. ನೆನೆದ ರೊಟ್ಟಿಯಂತೆ ಕುಸಿದರೆ, ಕೆಟ್ಟ ವಾಸನೆ ಬಂದರೆ, ಅಲ್ಲಿಯವರೆಗೆ ಹೋಗಿದೆ. ಹೊಸ ಬ್ಲೇಡಿನಿಂದ ಕೊಳೆತ ಭಾಗವನ್ನು ಕತ್ತರಿಸಿ, ಒಳಗಿನ ತಿರುಳು ತಿಳಿಹಸಿರಾಗಿ ಗಟ್ಟಿಯಾಗಿ ಕಾಣುವವರೆಗೂ ಕತ್ತರಿಸುತ್ತಾ ಹೋಗಬೇಕು. ಅಯ್ಯೋ ಪಾಪವೆಂದು ಸ್ವಲ್ಪ ಕೊಳೆತದ್ದನ್ನು ಉಳಿಸಿದರೆ ಅದು ಉಳಿದದ್ದನ್ನೂ ತಿನ್ನುತ್ತದೆ. ನಾನು ಮೊದಲ ಗಿಡವನ್ನು ಕಳೆದುಕೊಂಡದ್ದು ಹಾಗೆ ಕನಿಕರಪಟ್ಟೇ.

ಚೆಂಬೂರು ಹಿರಿಯ

ಇದು ಕಾಂಗೋ ದೇಶದ ಆಫ್ರಿಕನ್ ವಯೊಲೆಟ್ ಜಾತಿಗೆ ಸೇರಿದ್ದಲ್ಲವೇ? ನಮ್ಮ ಮನೆಯ ಕಿಟಕಿಯಲ್ಲಿ ನೇರಳೆ ಹೂವಿನದು ಒಂದಿತ್ತು. ಅದಕ್ಕೂ ಎಲೆಯ ಮೇಲೆ ನೀರು ಬಿದ್ದರೆ ಆಗುತ್ತಿರಲಿಲ್ಲ.

ಮಾಟುಂಗಾ ಮೇಷ್ಟ್ರು

ಅಲ್ಲ ರಾಯರೇ. ಆಫ್ರಿಕನ್ ವಯೊಲೆಟ್ ಪೂರ್ವ ಆಫ್ರಿಕದ್ದು, ಟಾಂಜಾನಿಯ ಮತ್ತು ಕೀನ್ಯದ ಗುಡ್ಡಗಳದ್ದು; ಅದರ ಕುಟುಂಬವೇ ಬೇರೆ. ಅನೂಬಿಯಾಸ್ ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ ಗಿಡ. ಸುವರ್ಣಗೆಡ್ಡೆಯೂ ಮನಿ ಪ್ಲಾಂಟೂ ಇದರ ಬಂಧುಗಳೇ. ಹೂ ಬಿಟ್ಟಾಗ ಇದು ಸ್ಪಷ್ಟವಾಗುತ್ತದೆ: ಕೆಸುವಿನಂತೆಯೇ ನಡುವೆ ಒಂದು ಕಡ್ಡಿ, ಅದನ್ನು ಸುತ್ತಿದ ಬಿಳಿಯ ಹಾಳೆ. ವಿಶೇಷವೆಂದರೆ ಈ ಗಿಡ ನೀರಿನೊಳಗೂ ಹೂ ಬಿಡುತ್ತದೆ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಆರೈಕೆಯ ಸೂಚನೆಯೂ ಇದೆ. ಆಸ್ಟ್ರಿಯದ ಸಸ್ಯವಿಜ್ಞಾನಿ ಶಾಟ್ 1857ರಲ್ಲಿ ಈ ಕುಲಕ್ಕೆ ಹೆಸರಿಡುವಾಗ, ಈಜಿಪ್ಟಿನ ಪುರಾಣದಲ್ಲಿ ಸತ್ತವರ ಲೋಕವನ್ನು ಕಾಯುವ, ನರಿಯ ಮುಖದ ಅನೂಬಿಸ್ ದೇವತೆಯನ್ನು ನೆನೆದರು. ಗಿಡವು ದಟ್ಟ ನೆರಳಿನಲ್ಲಿ ಬೆಳೆಯುವುದೇ ಅದಕ್ಕೆ ಕಾರಣ. ನಾನಾ ಬಗೆಯ ಪೂರ್ಣ ಹೆಸರಿನಲ್ಲಿ ಬಾರ್ಟೆರಿ ಎಂಬ ಮಾತು ಬರುತ್ತದೆ. ಅದು ನೈಜರ್ ನದಿಯ ಶೋಧಯಾತ್ರೆಯಲ್ಲಿ ಸಸ್ಯಗಳನ್ನು ಸಂಗ್ರಹಿಸುತ್ತಿದ್ದು, 1859ರಲ್ಲಿ ಅಲ್ಲಿಯೇ ತೀರಿಕೊಂಡ ಚಾರ್ಲ್ಸ್ ಬಾರ್ಟರ್ ಅವರ ನೆನಪು. ನಾನಾ ಎಂದರೆ ಲ್ಯಾಟಿನ್ನಿನಲ್ಲಿ ಕುಳ್ಳು ಎಂದರ್ಥ. ಜರ್ಮನಿಯ ಎಂಗ್ಲರ್ 1899ರಲ್ಲಿ ಇದನ್ನು ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದ್ದರು. 1979ರಲ್ಲಿ ಕ್ರುಸಿಯೊ ಅವರು ಇಡೀ ಕುಲವನ್ನು ಪರಿಷ್ಕರಿಸಿದಾಗ ಇದು ಬಾರ್ಟೆರಿಯ ಒಂದು ಬಗೆಯೆಂದು ಸೇರಿಸಿದರು.

ಮುಲುಂಡ್ ಮೀನುತೊಟ್ಟಿ

ಕೆಸುವಿನ ಕುಟುಂಬವೆಂದು ಮೇಷ್ಟ್ರು ಹೇಳಿದ್ದು ನನಗೆ ಬಹಳ ಹಿಡಿಸಿತು. ನಾನು ಉಡುಪಿ ಕಡೆಯವನು. ಆಟಿ ತಿಂಗಳಿನಲ್ಲಿ ನಮ್ಮ ಅಜ್ಜಿ ಪತ್ರೊಡೆಗೆಂದು ಮರಕೆಸುವಿನ ಎಲೆಯನ್ನು ತರಿಸುತ್ತಿದ್ದರು. ಆ ಮರಕೆಸು ಮಣ್ಣಿನಲ್ಲಿ ಬೆಳೆಯುವುದಲ್ಲ, ಹಲಸು ಮಾವಿನ ಕೊಂಬೆಯ ಸಂದಿಯಲ್ಲಿ ಪಾಚಿಯ ನಡುವೆ ಹುಟ್ಟುತ್ತದೆ. ಮರದಿಂದ ಏನನ್ನೂ ಕದಿಯುವುದಿಲ್ಲ, ಕೂರಲು ಜಾಗವನ್ನಷ್ಟೇ ಪಡೆಯುತ್ತದೆ, ಅದು ಬಂದಳಿಕೆಯಲ್ಲ. ಅನೂಬಿಯಾಸ್ ಗಿಡವನ್ನು ನೀರಿನೊಳಗಿನ ಮರಕೆಸುವೆಂದು ತಿಳಿಯಿರಿ ಅಕ್ಕಾ. ಆಗ ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಡೊಂಬಿವಲಿ ತುಳಸಿಕಟ್ಟೆ

ಮರಕೆಸುವಿನ ಮಾತು ಕೇಳಿದೊಡನೆ ನನ್ನ ತಪ್ಪು ಕಣ್ಣಿಗೆ ಕಟ್ಟಿತು. ನಮ್ಮ ಕಡೆ ಸೀತಾಳೆಯೂ ಹೀಗೆಯೇ ಮರದ ಮೇಲೆ ಕೂರುತ್ತದೆ. ಅದನ್ನು ಯಾರೂ ಮಣ್ಣಿನಲ್ಲಿ ಹೂಳುವುದಿಲ್ಲ.

ಗಿಡವನ್ನು ಈಗ ತೆಗೆದೆ. ಕೊಂಬಿನ ಹಿಂದಿನ ಅರ್ಧ ಕಪ್ಪಾಗಿ ಮೆತ್ತಗಾಗಿದೆ, ವಾಸನೆಯೂ ಇದೆ. ಬೇರಿನ ಸುತ್ತ ಹತ್ತಿಯಂಥ ಹಳದಿ ಉಣ್ಣೆಯ ಗಂಟೊಂದು ಇತ್ತು. ಗಿಡದ ಜೊತೆಗೆ ಬಂದ ಜಾಲರಿಯ ಪುಟ್ಟ ಕುಂಡದಲ್ಲಿದ್ದ ಅದನ್ನು ಗೊಬ್ಬರವೆಂದು ತಿಳಿದು ಹಾಗೆಯೇ ನೆಟ್ಟಿದ್ದೆ. ಮುಂದಿನ ಅರ್ಧ ಗಟ್ಟಿಯಿದೆ, ಅದರಲ್ಲಿ ನಾಲ್ಕು ಎಲೆಗಳಿವೆ. ಇದು ಬದುಕುವುದೇ?

ವಾಶಿ ನೀರುಗಿಡ

ನಾಲ್ಕು ಎಲೆಯೂ ಗಟ್ಟಿ ತುದಿಯೂ ಇದ್ದರೆ ಖಂಡಿತ ಬದುಕುವ ಸಾಧ್ಯತೆಯಿದೆ. ಬೆಳವಣಿಗೆ ನಡೆಯುವುದು ಆ ತುದಿಯಲ್ಲಿಯೇ. ಆ ಉಣ್ಣೆ ಗೊಬ್ಬರವಲ್ಲ, ನರ್ಸರಿಯವರು ಬೇರಿಗೆ ಆಧಾರವಾಗಿ ಸುತ್ತುವ ರಾಕ್‌ವೂಲ್. ಅದನ್ನು ಒಂದು ಎಳೆಯೂ ಬಿಡದಂತೆ ಚಿಮಟದಿಂದ ಬಿಡಿಸಿ ತೆಗೆಯಿರಿ. ಅದರಲ್ಲಿಯೂ ಕೊಳೆ ನಿಲ್ಲುತ್ತದೆ, ನಿಮ್ಮ ಸಿಗಡಿಗಳಿಗೂ ಅದು ಒಳ್ಳೆಯದಲ್ಲ.

ಪಿಂಪ್ರಿ ಹೊಸಬ

ಗಿಡಕ್ಕೆ ಶಕ್ತಿ ಬರಲು ಬಾಳೆಹಣ್ಣಿನ ಸಿಪ್ಪೆಯನ್ನು ನೆನೆಸಿಟ್ಟ ನೀರನ್ನು ತೊಟ್ಟಿಗೆ ಹಾಕಬಹುದು. ನಮ್ಮ ಬಾಲ್ಕನಿಯ ದಾಸವಾಳಕ್ಕೆ ಅದರಿಂದ ಬಹಳ ಉಪಯೋಗವಾಗಿದೆ.

ಮುಲುಂಡ್ ಮೀನುತೊಟ್ಟಿ

ದಯವಿಟ್ಟು ಬೇಡ! ದಾಸವಾಳದ ಬುಡದಲ್ಲಿ ಮೀನು ಈಜುವುದಿಲ್ಲ. ಸಿಪ್ಪೆಯ ನೀರು ತೊಟ್ಟಿಯಲ್ಲಿ ಕೊಳೆತರೆ ಅಮೋನಿಯ ಏರುತ್ತದೆ, ಆಮ್ಲಜನಕ ಇಳಿಯುತ್ತದೆ, ಬೆಳಗಾಗುವುದರೊಳಗೆ ಮಗುವಿನ ಗಪ್ಪಿಗಳು ಮೇಲೆ ತೇಲುತ್ತಿರುತ್ತವೆ. ಇಷ್ಟು ನಿಧಾನವಾಗಿ ಬೆಳೆಯುವ ಗಿಡಕ್ಕೆ ಮೀನಿನ ಹಿಕ್ಕೆಯಿಂದ ಸಿಗುವ ಸಾರವೇ ಬಹುಮಟ್ಟಿಗೆ ಸಾಕು.

ಪಿಂಪ್ರಿ ಹೊಸಬ

ತಿದ್ದಿದ್ದಕ್ಕೆ ಧನ್ಯವಾದ. ಆದರೆ ನನ್ನ ಗಿಡದ ಹಳೆಯ ಎಲೆಗಳಲ್ಲಿ ಸೂಜಿಯಿಂದ ಚುಚ್ಚಿದಂತೆ ತೂತುಗಳಾಗುತ್ತಿವೆ. ಅದು ಪೊಟ್ಯಾಷಿಯಂ ಕೊರತೆಯೆಂದು ಓದಿ, ಬಾಳೆಯಲ್ಲಿ ಅದು ಹೆಚ್ಚಿದೆಯೆಂದು ಈ ಮಾತು ಹೇಳಿದೆ.

ವಾಶಿ ನೀರುಗಿಡ

ನಿಮ್ಮ ರೋಗನಿರ್ಣಯ ಸರಿ, ಔಷಧ ಮಾತ್ರ ತಪ್ಪು. ಹಳೆಯ ಎಲೆಯಲ್ಲಿ ತೂತು ಬೀಳುವುದು ಸಾಮಾನ್ಯವಾಗಿ ಪೊಟ್ಯಾಷಿಯಂ ಕೊರತೆಯ ಗುರುತು. ಹೊಸ ಎಲೆಯೇ ಬಿಳಿಚಿಕೊಂಡು ಹುಟ್ಟಿದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಜಲಸಸ್ಯಗಳಿಗೆಂದೇ ಮಾರುವ ದ್ರವಗೊಬ್ಬರವನ್ನು ಬಾಟಲಿಯ ಮೇಲೆ ಬರೆದ ಪ್ರಮಾಣದ ಅರ್ಧದಷ್ಟು ಹಾಕಿ ನೋಡಿ. ಜಲ್ಲಿಯಲ್ಲಿ ಹುದುಗಿಸುವ ಗೊಬ್ಬರದ ಗುಳಿಗೆಗೆ ಹಣ ಹಾಕಬೇಡಿ. ಕಲ್ಲಿನ ಮೇಲೆ ಕೂತ ಗಿಡಕ್ಕೆ ಅದು ತಲುಪುವುದಿಲ್ಲ. ತೂತು ಬಿದ್ದ ಎಲೆ ಮತ್ತೆ ಕೂಡಿಕೊಳ್ಳುವುದಿಲ್ಲವೆಂಬುದನ್ನೂ ಮರೆಯಬೇಡಿ. ಸುಧಾರಣೆಯನ್ನು ಹೊಸ ಎಲೆಯಲ್ಲಿ ನೋಡಬೇಕು.

ಕೊತ್ರೂಡ್ ಕಟ್ಟೆ

ಮೇಷ್ಟ್ರು ಹೇಳಿದಂತೆ ಜಲ್ಲಿ ಸರಿಸಿ ನೋಡಿದೆ. ನನ್ನ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಜಲ್ಲಿಯೊಳಗೆ ಇರುವುದು ಬೇರುಗಳು ಮಾತ್ರ. ಕೊಂಬು ಪೂರ್ತಿಯಾಗಿ ಜಲ್ಲಿಯ ಮೇಲೆ ಮಲಗಿದೆ. ನಾನು ಹೂತದ್ದು ನಿಜ, ಆದರೆ ತೊಟ್ಟಿಯಲ್ಲಿರುವ ಮೀನುಗಳು ನಾಲ್ಕು ವರ್ಷ ಜಲ್ಲಿಯನ್ನು ಕೆದಕುತ್ತಾ ಬಂದು ಅದನ್ನು ಬಯಲಿಗೆ ತಂದಿರಬೇಕು. ಬೇರುಗಳು ಒಳಗಿದ್ದರೆ ತೊಂದರೆಯಿಲ್ಲ ಎಂಬಷ್ಟು ಮಾತ್ರ ನನ್ನ ಅನುಭವದಿಂದ ಹೇಳಬಹುದು.

ಮಾಟುಂಗಾ ಮೇಷ್ಟ್ರು

ಅಷ್ಟು ಹೇಳಿದರೆ ನನಗೂ ಪೂರ್ಣ ಒಪ್ಪಿಗೆ. ನೋಡಿ ಬಂದು ಬರೆದದ್ದಕ್ಕೆ ಕೃತಜ್ಞ.

ಡೊಂಬಿವಲಿ ತುಳಸಿಕಟ್ಟೆ

ಕೊಳೆತ ಭಾಗವನ್ನು ಕತ್ತರಿಸಿದೆ, ಒಳಗೆ ತಿಳಿಹಸಿರು ಕಾಣಿಸಿತು. ಈಗ ಇದನ್ನು ಯಾವುದಕ್ಕೆ, ಹೇಗೆ ಕಟ್ಟಬೇಕು? ನಮ್ಮಲ್ಲಿ ಸಮುದ್ರತೀರದಿಂದ ಮಗಳು ತಂದ ಬಿಳಿಯ ಹವಳದ ತುಂಡೊಂದಿದೆ. ಅದು ಆಗುವುದೇ?

ವಾಸ್ಕೋ ವಾಸಿ

ಹವಳ ಬೇಡ ಅಕ್ಕಾ. ಹವಳ, ಚಿಪ್ಪು, ಅಮೃತಶಿಲೆ ಇವೆಲ್ಲ ಸುಣ್ಣದಿಂದಾದವು. ನೀರಿನಲ್ಲಿ ನಿಧಾನವಾಗಿ ಕರಗಿ ಅದನ್ನು ಗಡಸು ಮಾಡುತ್ತವೆ. ಅನೂಬಿಯಾಸ್ ಗಡಸು ನೀರನ್ನೂ ಸಹಿಸುವ ಗಿಡವೇ, ಗಪ್ಪಿಗಳಿಗೂ ಅದು ಒಗ್ಗುತ್ತದೆ, ಆದರೆ ಆ ಕೆಂಪು ಸಿಗಡಿಗಳಿರುವ ತೊಟ್ಟಿಯಲ್ಲಿ ನೀರಿನ ಗುಣ ದಿನದಿನಕ್ಕೆ ಬದಲಾಗುವುದು ಒಳ್ಳೆಯದಲ್ಲ. ಯಾವ ಕಲ್ಲನ್ನೇ ಆಗಲಿ ಹಾಕುವ ಮೊದಲು ಅದರ ಮೇಲೆ ನಿಂಬೆರಸ ಅಥವಾ ವಿನೆಗರ್ ಹನಿಸಿ ನೋಡಿ. ಗುಳ್ಳೆಗಳೆದ್ದರೆ ಸುಣ್ಣವಿದೆಯೆಂದು ತಿಳಿದು ಬಿಟ್ಟುಬಿಡಿ.

ಗೋವಾದಲ್ಲಿ ನಾನು ಬಳಸುವುದು ಇಲ್ಲಿ ಮನೆಗಳನ್ನು ಕಟ್ಟುವ ಮುರಕಲ್ಲಿನ ತುಂಡನ್ನು. ಅದರ ಮೈಯೆಲ್ಲ ಸಣ್ಣ ಗೂಡುಗಳಿರುವುದರಿಂದ ಬೇರುಗಳು ಒಳಹೊಕ್ಕು ಬಿಗಿಯಾಗಿ ಹಿಡಿಯುತ್ತವೆ. ಆದರೆ ಬಿಡಿ ಕೆಮ್ಮಣ್ಣು ಹೋಗುವವರೆಗೆ ಬ್ರಷ್ಷಿನಿಂದ ಉಜ್ಜಿ ತೊಳೆದು, ಒಂದು ವಾರ ಬಕೆಟ್ಟಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಬೇಕು. ಇಲ್ಲವಾದರೆ ತೊಟ್ಟಿಯ ನೀರೆಲ್ಲ ಕೆಂಪಾಗುತ್ತದೆ. ನಿಮ್ಮ ಕಡೆ ಕರಿಕಲ್ಲು ಧಾರಾಳವಾಗಿ ಸಿಗುತ್ತದೆ, ಅದೂ ಆಗುತ್ತದೆ.

ನಾನು ಒಂದು ಗಿಡವನ್ನು ನೀರಿನ ಹೊರಗೂ ಬೆಳೆಸಿದ್ದೇನೆ. ಬಾಲ್ಕನಿಯ ನೆರಳಿನಲ್ಲಿ, ತೆಂಗಿನ ನಾರಿನ ಮೇಲೆ, ಮುಚ್ಚಳವಿರುವ ಗಾಜಿನ ಭರಣಿಯಲ್ಲಿ. ಮಳೆಗಾಲದ ನಾಲ್ಕು ತಿಂಗಳು ಮುಚ್ಚಳವೂ ಬೇಕಾಗುವುದಿಲ್ಲ, ಇಲ್ಲಿನ ಗಾಳಿಯೇ ಅಷ್ಟು ಒದ್ದೆ. ತೊಟ್ಟಿಯೊಳಗಿನ ಗಿಡಕ್ಕಿಂತ ಅದು ಬೇಗ ಬೆಳೆದು ಎರಡು ಬಾರಿ ಹೂ ಬಿಟ್ಟಿದೆ.

ಮುಲುಂಡ್ ಮೀನುತೊಟ್ಟಿ

ಕಟ್ಟುವುದಕ್ಕೆ ಹೂ ಕಟ್ಟುವ ಹತ್ತಿ ನೂಲು ಸಾಕು. ನಾಲ್ಕು ಸುತ್ತು, ಕೊಂಬು ಕತ್ತರಿಸಿಹೋಗದಷ್ಟು ಸಡಿಲವಾಗಿ. ನೂಲು ಕರಗುವ ಹೊತ್ತಿಗೆ ಬೇರು ಕಲ್ಲನ್ನು ಹಿಡಿದಿರುತ್ತದೆ.

ಕೊತ್ರೂಡ್ ಕಟ್ಟೆ

ಹತ್ತಿ ನೂಲು ನನ್ನ ತೊಟ್ಟಿಯಲ್ಲಿ ಮೂರೇ ವಾರದಲ್ಲಿ ಕರಗಿ ಗಿಡ ತೇಲಿಬಂದಿತು. ಬೇರು ಕಲ್ಲನ್ನು ಗಟ್ಟಿಯಾಗಿ ಹಿಡಿಯಲು ಒಂದೆರಡು ತಿಂಗಳಾದರೂ ಬೇಕು. ಫೆವಿಕ್ವಿಕ್ ಹನಿಯೊಂದನ್ನು ಕಲ್ಲಿನ ಮೇಲೆ ಹಾಕಿ ಬೇರುಗಳನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಕೆಲಸ ಮುಗಿಯಿತು.

ಚೆಂಬೂರು ಹಿರಿಯ

ಮೀನಿರುವ ನೀರಿಗೆ ರಾಸಾಯನಿಕ ಅಂಟನ್ನು ಹಾಕುವುದು ನನಗೆ ಸರಿಕಾಣುವುದಿಲ್ಲ.

ವಾಶಿ ನೀರುಗಿಡ

ಸಂದೇಹ ಸಹಜವೇ, ರಾಯರೇ. ಆದರೆ ಆ ಬಗೆಯ ಅಂಟು ತೇವ ತಗುಲಿದೊಡನೆ ಗಟ್ಟಿಯಾಗಿ ಪ್ಲಾಸ್ಟಿಕ್ಕಿನಂತಾಗುತ್ತದೆ, ಗಟ್ಟಿಯಾದ ಮೇಲೆ ಮೀನಿಗೆ ತೊಂದರೆಯಿಲ್ಲ. ನೀರಿನ ಹೊರಗೆ ಅಂಟಿಸಿ, ಒಣಗಿದ ಮೇಲೆ ಇಳಿಸಬೇಕು. ಹನಿ ಬೇರಿಗೆ ಮಾತ್ರ ಬೀಳಬೇಕು, ಕೊಂಬಿಗೆ ಮೆತ್ತಬಾರದು. ಅಂಟಿದ ಜಾಗ ಬೆಳ್ಳಗಾಗಿ ಕಾಣುತ್ತದೆ, ಕೆಲವು ವಾರಗಳಲ್ಲಿ ಪಾಚಿ ಅದನ್ನು ಮುಚ್ಚುತ್ತದೆ. ಅಂಟು ಬೇಡವೆನ್ನುವವರು ಮೀನು ಹಿಡಿಯುವ ತೆಳು ನೈಲಾನ್ ದಾರದಿಂದ ಕಟ್ಟಬಹುದು, ಅದು ಕರಗುವುದಿಲ್ಲ.

ಡೊಂಬಿವಲಿ ತುಳಸಿಕಟ್ಟೆ

ನೈಲಾನ್ ದಾರದಿಂದ ಕರಿಕಲ್ಲಿಗೆ ಕಟ್ಟಿ, ಮಗಳ ಕೈಯಿಂದಲೇ ತೊಟ್ಟಿಗೆ ಇಳಿಸಿಸಿದೆ. ಇನ್ನು ಬೆಳಕಿನ ವಿಷಯ. ಸಂಜೆಯ ಬಿಸಿಲು ಬೀಳುವ ಪಡುವಣ ಕಿಟಕಿಯ ಹತ್ತಿರ ತೊಟ್ಟಿಯನ್ನು ಸರಿಸಿದರೆ ಬೇಗ ಚೇತರಿಸಿಕೊಳ್ಳುವುದೇ?

ಮುಲುಂಡ್ ಮೀನುತೊಟ್ಟಿ

ಅಲ್ಲಿಗೆ ಸರಿಸಿದರೆ ಚೇತರಿಸಿಕೊಳ್ಳುವುದು ಪಾಚಿ, ಗಿಡವಲ್ಲ. ಈ ಗಿಡದ ಒಂದೊಂದು ಎಲೆಯೂ ವರ್ಷಗಟ್ಟಲೆ ಇರುತ್ತದೆ, ಹೊಸ ಎಲೆ ಬರಲು ಮೂರು ನಾಲ್ಕು ವಾರ ಬೇಕು. ಹಾಗಾಗಿ ಎಲೆಯ ಮೇಲೆ ಪಾಚಿ ಕೂರಲು ಬೇಕಾದಷ್ಟು ಸಮಯ ಸಿಗುತ್ತದೆ. ಬೆಳಕು ಹೆಚ್ಚಾದರೆ ಮೊದಲು ಗಟ್ಟಿ ಹಸಿರು ಚುಕ್ಕೆಗಳು, ನಂತರ ಅಂಚಿನಲ್ಲಿ ಕಪ್ಪು ಗಡ್ಡದಂಥ ಪಾಚಿ. ಸಾಧಾರಣ ಎಲ್‌ಇಡಿ ದೀಪವನ್ನು ದಿನಕ್ಕೆ ಆರೇಳು ಗಂಟೆ ಉರಿಸಿದರೆ ಸಾಕು. ಮೇಷ್ಟ್ರು ಹೇಳಿದ ನೆರಳಿನ ದೇವತೆಯನ್ನು ನೆನಪಿಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕೆಂದು ಯಾರಾದರೂ ಹೇಳಿದರೆ ಈ ಗಿಡಕ್ಕೆ ಅದು ಬೇಕಿಲ್ಲವೆಂದು ಧೈರ್ಯವಾಗಿ ಹೇಳಿ.

ಕೊತ್ರೂಡ್ ಕಟ್ಟೆ

ಉಷ್ಣತೆಯ ಮಾತನ್ನೂ ಸೇರಿಸುತ್ತೇನೆ. 22ರಿಂದ 28 ಡಿಗ್ರಿ ಇದಕ್ಕೆ ಹಿತ. ಪುಣೆಯ ಚಳಿಗಾಲದಲ್ಲಿ ನಮ್ಮ ತೊಟ್ಟಿಯ ನೀರು 20ಕ್ಕಿಂತ ಕೆಳಗಿಳಿದಾಗ ಗಿಡ ಸಾಯುವುದಿಲ್ಲ, ಆದರೆ ಎರಡು ತಿಂಗಳು ಒಂದೂ ಎಲೆ ಬಿಡುವುದಿಲ್ಲ. ನಿಮ್ಮ ಕಡೆ ತೊಂದರೆ ಬರುವುದು ಮೇ ತಿಂಗಳಿನಲ್ಲಿ. ನೀರು 30 ದಾಟಿದರೆ ತೊಟ್ಟಿಯ ಮುಚ್ಚಳ ತೆಗೆದು ಚಿಕ್ಕ ಫ್ಯಾನಿನ ಗಾಳಿಯನ್ನು ನೀರಿನ ಮೇಲೆ ಬೀಸುವಂತೆ ಇಡಿ.

ನೀರು ಬದಲಿಸುವಾಗ ನಲ್ಲಿಯ ನೀರಿನ ಕ್ಲೋರಿನ್ ತೆಗೆಯುವ ದ್ರವವನ್ನು ಬಳಸಿ. ಟ್ಯಾಂಕರ್ ನೀರು ಬರುವ ದಿನ ಬದಲಿಸಬೇಡಿ, ಅದು ಯಾವ ಬೋರಿನದೋ ತಿಳಿಯುವುದಿಲ್ಲ.

ಪಿಂಪ್ರಿ ಹೊಸಬ

ಗಿಡದ ಜೊತೆ ಬಸವನಹುಳುಗಳ ಮೊಟ್ಟೆಗಳೂ ಬರುತ್ತವೆಯಲ್ಲ, ಅದಕ್ಕೆ ಏನು ಮಾಡಬೇಕು?

ವಾಶಿ ನೀರುಗಿಡ

ತೊಟ್ಟಿಗೆ ಹಾಕುವ ಮೊದಲೇ ಎಲೆಯ ಅಡಿಯಲ್ಲಿ ಲೋಳೆಯಂಥ ಗಂಟುಗಳಿವೆಯೇ ಎಂದು ನೋಡಿ ಉಗುರಿನಿಂದ ತೆಗೆಯಿರಿ, ನಂತರ ಪಟಿಕ ಕರಗಿಸಿದ ಬೇರೆ ನೀರಿನಲ್ಲಿ ಕೆಲವು ಗಂಟೆ ಮುಳುಗಿಸಿ, ಚೆನ್ನಾಗಿ ತೊಳೆಯಿರಿ. ಎಲೆ ತೊಗಲಿನಷ್ಟು ಗಡುಸಾದ್ದರಿಂದ ತಡೆದುಕೊಳ್ಳುತ್ತದೆ. ಹುಳು ಕೊಲ್ಲುವ ತಾಮ್ರದ ಔಷಧವನ್ನು ಸಿಗಡಿಯಿರುವ ತೊಟ್ಟಿಗೆ ಎಂದಿಗೂ ಹಾಕಬೇಡಿ.

ಚೆಂಬೂರು ಹಿರಿಯ

ಗೋಲ್ಡ್‌ಫಿಶ್ ಎಲ್ಲ ಗಿಡಗಳನ್ನೂ ತಿಂದು ಮುಗಿಸುತ್ತದೆ, ಇದನ್ನು ಬಿಡುತ್ತದೆಯೇ? ಮೊಮ್ಮಗನಿಗಾಗಿ ಕೇಳುತ್ತಿದ್ದೇನೆ.

ಮಾಟುಂಗಾ ಮೇಷ್ಟ್ರು

ಸಾಮಾನ್ಯವಾಗಿ ಬಿಡುತ್ತದೆ. ಎಲೆ ಗಡುಸಾಗಿರುವುದರ ಜೊತೆಗೆ, ಕೆಸುವಿನಲ್ಲಿ ಬಾಯಿ ತುರಿಸುವಂತೆ ಮಾಡುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಈ ಕುಟುಂಬದಲ್ಲೆಲ್ಲ ಇವೆ. ಮೊಮ್ಮಗನೂ ಎಲೆಯನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಪತ್ರೊಡೆಗಾದರೂ ನಾವು ಹುಣಸೆಹುಳಿ ಹಾಕಿ, ಚೆನ್ನಾಗಿ ಬೇಯಿಸಿಯೇ ತಿನ್ನುತ್ತೇವೆ.

ಡೊಂಬಿವಲಿ ತುಳಸಿಕಟ್ಟೆ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ನಾಲ್ಕರಲ್ಲಿ ಒಂದು ಎಲೆ ಹೋಯಿತು, ಮೂರು ಉಳಿದವು. ನಿನ್ನೆ ಬೆಳಿಗ್ಗೆ ತುದಿಯಲ್ಲಿ ಸುರುಳಿ ಸುತ್ತಿದ ತಿಳಿಹಸಿರಿನ ಎಲೆಯೊಂದು ಕಾಣಿಸಿತು, ಇಂದು ಅರ್ಧ ಬಿಚ್ಚಿಕೊಂಡಿದೆ. ಕೊಂಬಿನಿಂದ ಎರಡು ಬಿಳಿಯ ಬೇರುಗಳು ಕಲ್ಲಿನತ್ತ ಇಳಿಯುತ್ತಿವೆ. ಮಗಳು ಎಲೆಯನ್ನು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ. ಪುಣೆಯಲ್ಲಿರುವ ನನ್ನ ತಂಗಿಗೂ ಇದರಲ್ಲಿ ಒಂದು ತುಂಡನ್ನು ಕೊಡಬೇಕೆಂದಿದೆ. ಯಾವಾಗ ಕತ್ತರಿಸಬಹುದು?

ಮುಲುಂಡ್ ಮೀನುತೊಟ್ಟಿ

ಈಗ ಬೇಡವೇ ಬೇಡ ಅಕ್ಕಾ. ಒಂದೊಂದು ತುಂಡಿನಲ್ಲೂ ಕನಿಷ್ಠ ಮೂರು ನಾಲ್ಕು ಎಲೆಗಳಿರಬೇಕು. ಹತ್ತು ಎಲೆಯಾಗುವವರೆಗೆ, ಅಂದರೆ ಮುಂದಿನ ದೀಪಾವಳಿಯವರೆಗಾದರೂ ಕಾಯಿರಿ.

ಕೊತ್ರೂಡ್ ಕಟ್ಟೆ

ತಂಗಿಯವರು ಅಷ್ಟು ದಿನ ಕಾಯಬೇಕಾಗಿಲ್ಲ. ನನ್ನ ಗಿಡದಲ್ಲಿ ಮೂವತ್ತಕ್ಕೂ ಹೆಚ್ಚು ಎಲೆಗಳಿವೆ, ಈ ಭಾನುವಾರ ಹೇಗೂ ಬಿಡಿಸಬೇಕೆಂದಿದ್ದೇನೆ. ಐದು ಎಲೆಯ ತುಂಡೊಂದನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಟ್ಟಿರುತ್ತೇನೆ. ಎರಡು ಮೂರು ದಿನ ಹಾಗೆಯೇ ಇದ್ದರೂ ಏನೂ ಆಗುವುದಿಲ್ಲ. ಕಟ್ಟಲು ಕಲ್ಲೊಂದನ್ನು ಮೊದಲೇ ನೋಡಿಟ್ಟುಕೊಳ್ಳಲು ಹೇಳಿ.